ಲೋಡಿಗೆ ಕರೆ ಬಂದರೆ ಹೋಗುವುದೋ ಬೇಡವೋ

ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಊರುಗಳಲ್ಲಿ ಒಂದು ಕೊಲೆ ನಡೆದ ಮೇಲೆ ಬಂದ್, ಬಂದೋಬಸ್ತು, ಶಾಂತಿ ಸಭೆಗಳ ಸುದ್ದಿ ಎಲ್ಲರಿಗೂ ತಲುಪುತ್ತದೆ. ಕೂಲಿ, ಬಾಡಿಗೆ, ಸಾಲ, ಗೆಳೆತನಗಳೊಳಗೆ ಆಗುವ ಬದಲಾವಣೆ ಯಾವ ದಾಖಲೆಗೂ ಸೇರುವುದಿಲ್ಲ.

2025ರ ಮೇ 27, ಮಂಗಳವಾರ. ಬಂಟ್ವಾಳ ತಾಲ್ಲೂಕಿನ ಕುರಿಯಾಳ ಗ್ರಾಮದ ಇರಾಕೋಡಿಯಲ್ಲಿ ಪಿಕಪ್‌ನಿಂದ ಮರಳು ಇಳಿಸುವ ಕೆಲಸ ನಡೆದಿತ್ತು. ಗಾಡಿ ತಂದಿದ್ದವರು ಕೊಳತ್ತಮಜಲಿನ ಚಾಲಕ. ಜೊತೆಗೆ ಇನ್ನೊಬ್ಬರಿದ್ದರು. ತಲವಾರು ಹಿಡಿದು ಬಂದವರು ಚಾಲಕನನ್ನು ಕೊಂದರು, ಜೊತೆಗಿದ್ದವರನ್ನು ಗಾಯಗೊಳಿಸಿದರು. 15 ಮಂದಿಯ ಮೇಲೆ ಪ್ರಕರಣ ದಾಖಲಾಯಿತು. ದೂರಿನಲ್ಲಿ ಹೆಸರಿದ್ದವರಲ್ಲಿ ಅವರ ಪರಿಚಯದವರೂ ಇದ್ದರು.

ಈ ಕೊನೆಯ ವಿವರ ಬಂಟ್ವಾಳದವರ ಎದೆಗೆ ನಾಟಿದಷ್ಟು ಬೇರೆ ಯಾವುದೂ ನಾಟಿರಲಿಕ್ಕಿಲ್ಲ. ಕರಾವಳಿಗೆ ಕೋಮು ಕೊಲೆ ಹೊಸತಲ್ಲ. ಆದರೆ ಇಷ್ಟು ಕಾಲ ಜನ ತಮಗೆ ತಾವೇ ಹೇಳಿಕೊಳ್ಳುತ್ತಿದ್ದ ಒಂದು ಸಮಾಧಾನವಿತ್ತು: ಇದನ್ನೆಲ್ಲ ಮಾಡುವವರು ಎಲ್ಲಿಂದಲೋ ಬಂದವರು, ನಮ್ಮ ಊರಿನವರು ಅಂಥವರಲ್ಲ. ಗುರುತಿನ ಮುಖಗಳ ಹೆಸರು ದೂರಿನಲ್ಲಿ ಕಾಣಿಸಿದ ದಿನ ಆ ಸಮಾಧಾನ ಹೋಯಿತು. ಮರಳು, ಕೆಂಪುಕಲ್ಲು, ಗೊಬ್ಬರ, ಅಡಿಕೆ ಸಾಗಿಸುವ ನೂರಾರು ಪಿಕಪ್ ಚಾಲಕರ ಮನೆಗಳಲ್ಲಿ ಹೊಸದೊಂದು ಪ್ರಶ್ನೆ ಎದ್ದಿತು. ಫೋನು ಬಂದಿದೆ, ಲೋಡು ಇದೆ ಎನ್ನುತ್ತಾರೆ, ಕರೆದವರು ಪರಿಚಯದವರೇ. ಹೋಗುವುದೋ ಬೇಡವೋ?

ಹಿಂಸೆ ಊರನ್ನು ಹೇಗೆ ಬದಲಿಸುತ್ತದೆ ಎಂದು ಕೇಳಿದರೆ ಸುಟ್ಟ ಬಸ್ಸು, ಒಡೆದ ಗಾಜು, ಖಾಲಿ ಪೇಟೆಯ ಫೋಟೋ ತೋರಿಸಬಹುದು. ಅವೆಲ್ಲ ವಾರದಲ್ಲಿ ಸರಿಹೋಗುವಂಥವು. ಸರಿಹೋಗದೆ ಉಳಿಯುವುದು ಈ ಪ್ರಶ್ನೆ.

ಕೊಡುಕೊಳೆಯ ಊರು

ಬಂಟ್ವಾಳ ಹುಟ್ಟಿ ಬೆಳೆದದ್ದೇ ವ್ಯಾಪಾರದಿಂದ. ಮಂಗಳೂರಿನಿಂದ ನೇತ್ರಾವತಿಯಲ್ಲಿ ದೋಣಿಯ ಮೇಲೆ ಬಂದ ಸರಕು ಇಲ್ಲಿ ಇಳಿದು ಘಟ್ಟದ ದಾರಿ ಹಿಡಿಯುತ್ತಿತ್ತು, ಘಟ್ಟದ ಮೇಲಿನದು ಇಲ್ಲಿಗೆ ಬಂದು ದೋಣಿ ಏರುತ್ತಿತ್ತು. ನದಿಯ ಕಾಲ ಮುಗಿದು ಡಾಮರು ರಸ್ತೆ ಬಂದ ಮೇಲೆ ಪೇಟೆಯ ಜೀವ ಬಂಟ್ವಾಳ ಕ್ರಾಸ್ ರೋಡಿಗೆ, ಎಂದರೆ ಇಂದಿನ ಬಿ.ಸಿ.ರೋಡಿಗೆ ಸರಿಯಿತು. ಮಂಗಳೂರಿನಿಂದ ಧರ್ಮಸ್ಥಳ, ಚಾರ್ಮಾಡಿ, ಪುತ್ತೂರು, ವಿಟ್ಲ, ಎಲ್ಲಿಗೆ ಹೋಗುವವರೂ ಇಲ್ಲಿ ಹಾದುಹೋಗಬೇಕು.

ಇಂಥ ಊರಿನಲ್ಲಿ ಜಾತಿ ಧರ್ಮಗಳ ನಡುವಿನ ನಂಟು ವೇದಿಕೆಯ ಮಾತಿನಿಂದ ಕಟ್ಟಿದ್ದಲ್ಲ. ಅಂಗಳದಲ್ಲಿ ಒಣಗಿಸಿ ಸುಲಿದ ಚಾಲಿ ಅಡಿಕೆಯನ್ನು ತೋಟದವರು ಬ್ಯಾರಿ ಮುಸ್ಲಿಂ ವ್ಯಾಪಾರಿಗೆ ಕೊಡುತ್ತಿದ್ದರು. ಮಳೆಗಾಲದ ಕಷ್ಟಕ್ಕೆ ಆ ವ್ಯಾಪಾರಿಯೇ ಮುಂಗಡ ಕೊಡುತ್ತಿದ್ದ. 1973ರಲ್ಲಿ ಕ್ಯಾಂಪ್ಕೊ ಬಂದು ಬೆಳೆಗಾರರಿಗೆ ಇನ್ನೊಂದು ದಾರಿ ತೆರೆಯಿತು, ಆದರೂ ಪರಿಚಯದ ಅಂಗಡಿಗೆ ಗೋಣಿ ಇಳಿಸುವ ಅಭ್ಯಾಸ ಹೋಗಲಿಲ್ಲ. ಬಿಲ್ಲವರ ಮನೆಯ ಹೆಂಗಸೂ ಬ್ಯಾರಿಗಳ ಮನೆಯ ಹೆಂಗಸೂ ಎಲೆ ಕತ್ತರಿಸಿ ಬೀಡಿ ಸುತ್ತಿ, ಒಂದೇ ಬ್ರಾಂಚಿನ ಜಗಲಿಯಲ್ಲಿ ಕಟ್ಟು ಒಪ್ಪಿಸಿ, ಒಂದೇ ಪುಸ್ತಕದಲ್ಲಿ ಲೆಕ್ಕ ಬರೆಸಿಕೊಂಡರು. ಬೆಳಿಗ್ಗೆ ಹಾರ್ನ್ ಹೊಡೆದು ಬರುವ ಮೀನಿನವರಿಗೆ ಯಾರ ಮನೆಯಲ್ಲಿ ಸೋಮವಾರ ಮೀನಿಲ್ಲ, ಯಾರ ಮನೆಯಲ್ಲಿ ನೆಂಟರು ಬಂದಿದ್ದಾರೆ ಎಂಬುದು ಗೊತ್ತಿರುತ್ತದೆ. ಇದರಲ್ಲಿ ಜಗಳವಿರಲಿಲ್ಲ ಎಂದಲ್ಲ. ತೂಕದಲ್ಲಿ ಮೋಸ, ಬಾಕಿಯಲ್ಲಿ ತಕರಾರು, ಪಂಕ್ತಿಯಲ್ಲಿ ಭೇದ ಎಲ್ಲವೂ ಇದ್ದವು. ಆದರೆ ಜಗಳ ಮುಗಿದ ಮರುದಿನ ಮತ್ತೆ ಅವರಲ್ಲಿಗೇ ಹೋಗುವ ಅಗತ್ಯ ಇತ್ತು. ಆ ಅಗತ್ಯವೇ ಊರನ್ನು ಕಾಯುತ್ತಿತ್ತು.

ನಂಬಿಕೆಯ ಲೋಕದಲ್ಲೂ ಇದೇ ರೀತಿ. ಬೆಳ್ತಂಗಡಿ ತಾಲ್ಲೂಕಿನ ಕಾಜೂರು ದರ್ಗಾಕ್ಕೆ ಹರಕೆ ಹೊತ್ತು ಹೋಗುವವರಲ್ಲಿ ಹಿಂದೂಗಳೂ ಇದ್ದಾರೆ. ಮುಲ್ಕಿಯ ಬಪ್ಪನಾಡು ದೇವಿಯ ಗುಡಿ ಕಟ್ಟಿಸಿದ್ದು ಬಪ್ಪ ಬ್ಯಾರಿ ಎಂಬ ವರ್ತಕ ಎನ್ನುವ ಐತಿಹ್ಯವನ್ನು ಕರಾವಳಿಯ ಮಕ್ಕಳು ಕೇಳಿಯೇ ಬೆಳೆದವರು. ಮೂಡುಬಿದಿರೆಯಲ್ಲಿ 1430ರ ಸುಮಾರಿಗೆ ಎದ್ದು ನಿಂತ ಸಾವಿರ ಕಂಬದ ಬಸದಿಯ ಹಿಂದೆಯೂ ವರ್ತಕರ ದುಡ್ಡಿದೆ. ಪೇಟೆ ಬೆಳೆಯಬೇಕಾದರೆ ಬಂದವರಿಗೆಲ್ಲ ಬಾಗಿಲು ತೆರೆದಿರಬೇಕು ಎಂಬುದು ಈ ನೆಲಕ್ಕೆ ಯಾರೂ ಕಲಿಸಿದ ಪಾಠವಲ್ಲ.

ಕೆಲಸದಲ್ಲಿದ್ದಾಗಲೇ ಬಂದ ಸಾವು

2015ರಿಂದ ಈಚೆಗೆ ಈ ಭಾಗದಲ್ಲಿ ಹೀಗೆ ಸತ್ತವರಲ್ಲಿ ಕೆಲವರು ಏನು ಕೆಲಸ ಮಾಡುತ್ತಿದ್ದರು ಎಂದು ನೋಡಿ. 2015ರ ಅಕ್ಟೋಬರ್ 9ರ ಬೆಳಿಗ್ಗೆ ಮೂಡುಬಿದಿರೆಯಲ್ಲಿ ಕೊಲೆಯಾದವನು ಹೂವಿನ ವ್ಯಾಪಾರದ ಯುವಕ. 2017ರ ಜೂನ್ 21ರಂದು ಬಂಟ್ವಾಳ ತಾಲ್ಲೂಕಿನ ಬೆಂಜನಪದವಿನಲ್ಲಿ ಕೊಲೆಯಾದವರು ಆಟೊ ಓಡಿಸುತ್ತಿದ್ದರು, ಒಂದು ರಾಜಕೀಯ ಪಕ್ಷದ ಸ್ಥಳೀಯ ಮುಖಂಡರೂ ಆಗಿದ್ದರು. ಅದೇ ವರ್ಷ ಜುಲೈ 4ರ ರಾತ್ರಿ ಬಿ.ಸಿ.ರೋಡಿನಲ್ಲಿ ದಾಳಿಗೊಳಗಾಗಿ ಮೂರು ದಿನದ ಬಳಿಕ ಆಸ್ಪತ್ರೆಯಲ್ಲಿ ತೀರಿಕೊಂಡ, ಆರೆಸ್ಸೆಸ್ ಕಾರ್ಯಕರ್ತನೂ ಆಗಿದ್ದ ಯುವಕ ಬಟ್ಟೆ ಒಗೆದು ಇಸ್ತ್ರಿ ಹಾಕುವ ಅಂಗಡಿ ನಡೆಸುತ್ತಿದ್ದ. 2025ರಲ್ಲಿ ಪಿಕಪ್ ಚಾಲಕ.

ಹೂವು, ಆಟೊ, ಲಾಂಡ್ರಿ, ಮರಳಿನ ಗಾಡಿ: ನಾಲ್ಕೂ ಎಲ್ಲರಿಗೂ ಬಾಗಿಲು ತೆರೆದಿರಬೇಕಾದ ಕೆಲಸಗಳು. ಗಿರಾಕಿ ಯಾರೆಂದು ಕೇಳಿ ಹೂ ಮಾರುವುದಕ್ಕಾಗುವುದಿಲ್ಲ, ಜಾತಿ ವಿಚಾರಿಸಿ ಆಟೊ ನಿಲ್ಲಿಸುವುದಕ್ಕಾಗುವುದಿಲ್ಲ. ಇವರು ಯಾವ ಹೊತ್ತಿಗೆ ಎಲ್ಲಿರುತ್ತಾರೆ, ಅಂಗಡಿ ಎಷ್ಟು ಗಂಟೆಗೆ ಮುಚ್ಚುತ್ತಾರೆ ಎಂದು ಊರಿಗೇ ಗೊತ್ತು. ಭಾಷಣ ಮಾಡುವವರಿಗೆ ಅಂಗರಕ್ಷಕರಿರಬಹುದು. ದಿನವೂ ಅದೇ ಮೂಲೆಯಲ್ಲಿ ನಿಂತು ಸಂಪಾದಿಸುವವನಿಗೆ ಆ ನಿಯಮಿತತೆಯೇ ಅಪಾಯವಾಯಿತು. ಇವರಲ್ಲಿ ಕೆಲವರು ಸಂಘಟನೆಗಳಲ್ಲಿ ಗುರುತಿಸಿಕೊಂಡವರು ನಿಜ. ಆದರೆ ಅವರು ಸಿಕ್ಕಿದ್ದು ಬೆವರು ಸುರಿಸುವ ಜಾಗದಲ್ಲಿ.

ಗೆಳೆತನಕ್ಕೂ ಇದೇ ಗತಿ ಬಂದದ್ದು 2015ರ ನವೆಂಬರ್ 12ರಂದು. ಟಿಪ್ಪು ಜಯಂತಿಯ ಗಲಭೆಯಿಂದ ರಾಜ್ಯ ಬಿಸಿಯಾಗಿತ್ತು. ಎರಡು ದಿನ ಮೊದಲು ಮಡಿಕೇರಿಯಲ್ಲಿ ಸಾವಾಗಿತ್ತು. ದೀಪಾವಳಿಯ ಆ ದಿನಗಳಲ್ಲಿ ಬಂಟ್ವಾಳದ ಮಣಿಹಳ್ಳದಲ್ಲಿ ಇಬ್ಬರು ಗೆಳೆಯರು ಒಟ್ಟಿಗಿದ್ದರು, ಒಬ್ಬ ಹಿಂದೂ, ಇನ್ನೊಬ್ಬ ಮುಸ್ಲಿಂ. ಇಬ್ಬರ ಮೇಲೂ ದಾಳಿಯಾಯಿತು. ಸತ್ತವನು ಹಿಂದೂ ಯುವಕ. ದಾಳಿಕೋರರು ಇಬ್ಬರನ್ನೂ ಮುಸ್ಲಿಮರೆಂದು ತಿಳಿದಿದ್ದರು ಎಂದು ಆಗ ವರದಿಯಾಯಿತು, ಬಂಧಿತರಾದವರು ಹಿಂದೂ ಸಂಘಟನೆಗಳೊಂದಿಗೆ ನಂಟಿದ್ದವರು. ಈ ಸಾವನ್ನು ಯಾವ ಪಕ್ಷಕ್ಕೂ ತನ್ನ ಪಟ್ಟಿಗೆ ಸುಲಭವಾಗಿ ಸೇರಿಸಿಕೊಳ್ಳಲು ಆಗಲಿಲ್ಲ. ಬಹುಶಃ ಅದಕ್ಕೇ ಅದು ಬೇಗ ಮರೆತುಹೋಯಿತು. ಆದರೆ ಊರಿನ ಅಮ್ಮಂದಿರು ಮರೆಯಲಿಲ್ಲ. ಮಗ ಬೈಕ್ ಹೊರಡಿಸಿದರೆ ಹಿಂದೆ ಕೂರುವವನು ಯಾರು ಎಂಬ ಪ್ರಶ್ನೆ ಅಂದಿನಿಂದ ಎರಡೂ ಕಡೆಯ ಮನೆಗಳಲ್ಲಿ ಕೇಳಿಬರುತ್ತದೆ.

ಒಂದರ ಬಾಲ ಹಿಡಿದು ಇನ್ನೊಂದು

ಈ ಕೊಲೆಗಳು ಬಿಡಿ ಘಟನೆಗಳಲ್ಲ, ಒಂದರ ಬಾಲ ಹಿಡಿದು ಇನ್ನೊಂದು ಬರುತ್ತದೆ. ಮೂಡುಬಿದಿರೆಯ ಪ್ರಕರಣದ ಆರೋಪಿಯೊಬ್ಬ ಸುಮಾರು ಒಂದು ತಿಂಗಳಲ್ಲಿ ಮೈಸೂರು ಜೈಲಿನಲ್ಲೇ ಕೊಲೆಯಾದ. 2022ರ ಜುಲೈ ಇನ್ನೂ ಭೀಕರ. ಸುಳ್ಯ ತಾಲ್ಲೂಕಿನ ಕಳಂಜದಲ್ಲಿ ಹಲ್ಲೆಗೊಳಗಾದ ಮುಸ್ಲಿಂ ಯುವಕನ ಸಾವು, ಜುಲೈ 26ರಂದು ಬೆಳ್ಳಾರೆಯಲ್ಲಿ ಬಿಜೆಪಿ ಯುವ ಮೋರ್ಚಾ ಕಾರ್ಯಕರ್ತನ ಕೊಲೆ, ಜುಲೈ 28ರಂದು ಸುರತ್ಕಲ್‌ನಲ್ಲಿ ಮತ್ತೊಬ್ಬ ಮುಸ್ಲಿಂ ಯುವಕನ ಕೊಲೆ. ಮೂರನೆಯದು ನಡೆದದ್ದು ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಬೆಳ್ಳಾರೆಯಲ್ಲಿ ಕೊಲೆಯಾದವನ ಮನೆಗೆ ಭೇಟಿ ಕೊಟ್ಟ ದಿನದ ರಾತ್ರಿ. ಸುರತ್ಕಲ್ ಪ್ರಕರಣದ ಆರೋಪಿಯೊಬ್ಬ 2025ರ ಮೇ 1ರಂದು ಬಜ್ಪೆ ಬಳಿ ಕೊಲೆಯಾದ. ಅವನ ಮನೆ ಬಂಟ್ವಾಳ ತಾಲ್ಲೂಕಿನಲ್ಲಿ. ಅದಕ್ಕೂ ನಾಲ್ಕು ದಿನ ಮೊದಲು ಮಂಗಳೂರಿನ ಕುಡುಪುವಿನಲ್ಲಿ ಕ್ರಿಕೆಟ್ ಪಂದ್ಯದ ಹೊತ್ತಿಗೆ ವಯನಾಡು ಮೂಲದ ವ್ಯಕ್ತಿಯೊಬ್ಬನನ್ನು ಗುಂಪು ಹೊಡೆದು ಕೊಂದಿತ್ತು. ಮೇ ಮುಗಿಯುವುದರೊಳಗೆ ಇರಾಕೋಡಿ.

ಮೈಸೂರು ಜೈಲನ್ನು ಬಿಟ್ಟು, ನಕ್ಷೆಯಲ್ಲಿ ಈ ಜಾಗಗಳಿಗೆ ಗೆರೆ ಎಳೆದರೆ ಒಂದು ಬಸ್ ರೂಟ್‌ನಷ್ಟೂ ದೂರವಿಲ್ಲ. ಆದ್ದರಿಂದ ಯಾವ ಊರೂ ಪ್ರತ್ಯೇಕವಾಗಿ ನೆಮ್ಮದಿಯ ಉಸಿರು ಬಿಡುವಂತಿಲ್ಲ. ಬಜ್ಪೆಯಲ್ಲಿ ಆದದ್ದಕ್ಕೆ ಬಂಟ್ವಾಳದ ಗೂಡಂಗಡಿಯವನು ಶಟರ್ ಎಳೆಯಬೇಕು. ಬೆಳ್ಳಾರೆಯಲ್ಲಿ ಆದದ್ದಕ್ಕೆ ಮೂಡುಬಿದಿರೆಯ ವಿದ್ಯಾರ್ಥಿಯ ಊರಿನ ಬಸ್ಸು ನಿಲ್ಲಬೇಕು.

ಪರಿಹಾರದಲ್ಲೂ ಊರು ಎರಡಾಯಿತು. 2022ರಲ್ಲಿ ಮೂವರು ಸತ್ತಾಗ ಸರ್ಕಾರದ ಭೇಟಿ ಮತ್ತು 25 ಲಕ್ಷ ರೂಪಾಯಿ ಸಿಕ್ಕಿದ್ದು ಒಂದು ಮನೆಗೆ ಮಾತ್ರ. ಮುಂದಿನ ವರ್ಷ ಸರ್ಕಾರ ಬದಲಾಗಿ, ಜೂನ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಬಿಟ್ಟುಹೋಗಿದ್ದ ಕುಟುಂಬಗಳಿಗೂ ಅಷ್ಟೇ ಮೊತ್ತ ಕೊಟ್ಟರು. ತಡವಾಗಿಯಾದರೂ ಸರಿಹೋಯಿತು ಎನ್ನಬಹುದು. ಆದರೆ ನಡುವಿನ ಆ ಹತ್ತು ಹನ್ನೊಂದು ತಿಂಗಳಲ್ಲಿ ಜನ ಒಂದು ಲೆಕ್ಕ ಕಲಿತರು: ಕಣ್ಣೀರಿಗೂ ದರವಿದೆ, ಅದು ಅಧಿಕಾರದಲ್ಲಿ ಯಾರಿದ್ದಾರೆ ಎಂಬುದರ ಮೇಲೆ ಏರಿಳಿಯುತ್ತದೆ.

ಸಂಜೆ ಆರರ ಮೇಲಿನ ಊರು

2017ರಲ್ಲಿ ಬಂಟ್ವಾಳ ತಾಲ್ಲೂಕಿನ ಕಲ್ಲಡ್ಕದಲ್ಲಿ ಘರ್ಷಣೆ ಶುರುವಾದದ್ದು ಮೇ 26ರಂದು. ಜೂನ್ 13ರಂದು ಮತ್ತೆ. ರಂಜಾನ್ ಉಪವಾಸದ ತಿಂಗಳು ನಿಷೇಧಾಜ್ಞೆಯಲ್ಲೇ ಕಳೆಯಿತು. ಆದೇಶವನ್ನು ಮತ್ತೆ ಮತ್ತೆ ವಿಸ್ತರಿಸಲಾಯಿತು. ಜುಲೈ 8ರಂದು ಲಾಂಡ್ರಿ ಯುವಕನ ಅಂತಿಮ ಯಾತ್ರೆ ಮಂಗಳೂರಿನಿಂದ ಬರುವಾಗ ಬಿ.ಸಿ.ರೋಡಿನ ಕೈಕಂಬದಲ್ಲಿ ಕಲ್ಲು ತೂರಾಟವಾಯಿತು. 2022ರ ಆಗಸ್ಟ್ ಆರಂಭದಲ್ಲಿ ಜಿಲ್ಲೆಯ ಅಂಗಡಿಗಳು ಸಂಜೆ ಆರಕ್ಕೇ ಮುಚ್ಚಬೇಕಾಯಿತು.

ಕಲ್ಲಡ್ಕವನ್ನು ಹೊರಗಿನವರು ಎರಡು ಕಾರಣಕ್ಕೆ ಬಲ್ಲರು, ಗಲಭೆಗೆ ಮತ್ತು ಕೆ.ಟಿ.ಗೆ, ಎಂದರೆ ಕಲ್ಲಡ್ಕ ಟೀಗೆ. ಲಕ್ಷ್ಮೀನಿವಾಸ ಹೋಟೆಲಿನ ಲೋಟದಲ್ಲಿ ಹಾಲಿನ ಮೇಲೆ ಕಲಕದೆ ನಿಲ್ಲುವ ಆ ಚಹಾಕ್ಕಾಗಿ ಬೆಂಗಳೂರಿನಿಂದ ಬರುವ ಕಾರುಗಳೂ ನಿಲ್ಲುತ್ತಿದ್ದವು. ‘ಕೋಮು ಸೂಕ್ಷ್ಮ ಪ್ರದೇಶ’ ಎಂಬ ಹಣೆಪಟ್ಟಿ ಬಿದ್ದ ಮೇಲೆ ಊರಿನ ಲೆಕ್ಕ ಬದಲಾಗುತ್ತದೆ. ಕಟ್ಟಡದ ಬಾಡಿಗೆದಾರ ಹೊಸ ಅಂಗಡಿ ತೆರೆಯುವ ಮುನ್ನ ಎರಡು ಸಲ ಯೋಚಿಸುತ್ತಾನೆ. ಮಗಳಿಗೆ ಸಂಬಂಧ ನೋಡುವವರು ‘ಆ ಕಡೆ ಗಲಾಟೆ ಜಾಸ್ತಿಯಲ್ವಾ’ ಎನ್ನುತ್ತಾರೆ. ಸಂಜೆಯ ಟ್ಯೂಷನ್ ಬೆಳಗಿಗೆ ಬರುತ್ತದೆ. ಯಕ್ಷಗಾನದ ಮೇಳ ಆಟ ಇಟ್ಟುಕೊಂಡಿದ್ದರೆ ಪೊಲೀಸರ ಅನುಮತಿಯ ಕಾಗದ ಮೊದಲು ಕೈಯಲ್ಲಿರಬೇಕು.

ದಿನಗೂಲಿಯವರ ಮೇಲೆ ಹೊರೆ ಬೀಳುವುದು ನೇರವಾಗಿ. ಒಂದು ದಿನದ ಬಂದ್ ಎಂದರೆ ಸಂಬಳದವನಿಗೆ ರಜೆ, ಬಸ್ ನಿಲ್ದಾಣದ ಹಮಾಲಿಗೆ ಒಲೆ ಹೊತ್ತದ ದಿನ. 2022ರ ಮಾರ್ಚ್‌ನಲ್ಲಿ ಬಪ್ಪನಾಡು, ಕಾಪು ಮೊದಲಾದ ಕಡೆ ಜಾತ್ರೆಯ ಸಂತೆಯಿಂದ ಮುಸ್ಲಿಂ ವ್ಯಾಪಾರಿಗಳನ್ನು ದೂರವಿಟ್ಟಾಗ ನಷ್ಟವಾದದ್ದು ಬಳೆ, ಆಟಿಕೆ, ಹಣ್ಣು ಮಾರಿ ವರ್ಷದ ಕೆಲವು ತಿಂಗಳಲ್ಲಿ ಬದುಕು ಕಟ್ಟಿಕೊಳ್ಳುವವರಿಗೆ. ಬ್ಯಾರಿ ವರ್ತಕನ ಹೆಸರು ಹೊತ್ತ ದೇವಸ್ಥಾನದ ಬಾಗಿಲಲ್ಲೇ ಇದು ನಡೆಯಿತು ಎಂಬುದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಆರೋಪಿಗಳ ಮನೆಗಳ ಕಥೆಯನ್ನು ಕೇಳುವವರು ಇನ್ನೂ ಕಡಿಮೆ. ಇಪ್ಪತ್ತರ ಹರೆಯದ ಹುಡುಗ ಜೈಲು ಸೇರಿದರೆ ‘ಸಂಘಟನೆಯವರು ನೋಡಿಕೊಳ್ಳುತ್ತಾರೆ’ ಎನ್ನುವ ಮಾತು ಮೊದಲ ಕೆಲವು ತಿಂಗಳಿನದು. ಆಮೇಲೆ ವಕೀಲರ ಫೀಸಿಗೆ, ವಾಯಿದೆಗೆ ಹೋಗಿ ಬರುವ ಬಸ್ ಚಾರ್ಜಿಗೆ ಅಮ್ಮನ ಬೀಡಿಯೇ ಗತಿ. ಜಾಮೀನಿನಲ್ಲಿ ಹೊರಬಂದವನಿಗೆ ಗಲ್ಫಿನ ವೀಸಾವೂ ಕಷ್ಟ, ಊರಿನ ಕೆಲಸವೂ ಕಷ್ಟ. ಅವನನ್ನು ಆದರದಿಂದ ಕರೆದು ಕೂರಿಸುವ ಜಾಗ ಒಂದೇ ಉಳಿಯುತ್ತದೆ, ಅವನನ್ನು ಅಲ್ಲಿಗೆ ತಂದು ನಿಲ್ಲಿಸಿದವರ ವೇದಿಕೆ. ಸರಪಳಿಯ ಮುಂದಿನ ಕೊಂಡಿ ತಯಾರಾಗುವುದು ಹೀಗೆ.

ಕಾಡಿನಿಂದ ಪೇಟೆಗೆ ಇಳಿದ ಪಡೆ

ಬೆಳ್ತಂಗಡಿಗೆ ಇನ್ನೊಂದು ಹಿಂಸೆಯ ನೆನಪೂ ಇದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿನ ಕುತ್ಲೂರು, ನಾರಾವಿ ಕಡೆ ಈ ಶತಮಾನದ ಆರಂಭದಲ್ಲಿ ನಕ್ಸಲ್ ಚಳವಳಿ ಬೇರೂರಿತು. ಒಕ್ಕಲೆಬ್ಬಿಸುವ ಭೀತಿಯಲ್ಲಿದ್ದ ಮಲೆಕುಡಿಯ ಬುಡಕಟ್ಟಿನವರ ಮನೆಗಳಿಗೆ ಒಂದು ರಾತ್ರಿ ಬಂದೂಕು ಹಿಡಿದವರು ಬರುತ್ತಿದ್ದರು, ಇನ್ನೊಂದು ರಾತ್ರಿ ಅವರನ್ನು ಹುಡುಕುವ ಪೊಲೀಸರು. 2003ರ ನವೆಂಬರ್‌ನಲ್ಲಿ ಪಕ್ಕದ ಈದುವಿನಲ್ಲಿ ಗುಂಡಿನ ಕಾಳಗವಾಗಿ ಇಬ್ಬರು ಯುವತಿಯರು ಸತ್ತರು. 2012ರಲ್ಲಿ ಕುತ್ಲೂರಿನ ಪತ್ರಿಕೋದ್ಯಮ ವಿದ್ಯಾರ್ಥಿಯೊಬ್ಬನನ್ನು ನಕ್ಸಲ್ ನಂಟಿನ ಆರೋಪದಲ್ಲಿ ಬಂಧಿಸಲಾಯಿತು. ನ್ಯಾಯಾಲಯ ಅವನನ್ನು ನಿರ್ದೋಷಿ ಎಂದದ್ದು 2021ರಲ್ಲಿ.

ಆ ಹಿಂಸೆ ಮುಗಿಯಿತು. 2025ರ ಜನವರಿ 8ರಂದು ಮುಖ್ಯಮಂತ್ರಿಯ ಮುಂದೆ ಶರಣಾದ ಆರು ಮಂದಿಯಲ್ಲಿ ಕುತ್ಲೂರಿನ ಸುಂದರಿಯೂ ಒಬ್ಬರು. ಅದಕ್ಕೂ ಮೊದಲೇ, 2024ರಲ್ಲಿ, ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಸಾಹಸ ಪ್ರವಾಸೋದ್ಯಮ ವಿಭಾಗದಲ್ಲಿ ಅತ್ಯುತ್ತಮ ಪ್ರವಾಸಿ ಗ್ರಾಮವೆಂದು ಆರಿಸಿದ್ದು ಇದೇ ಕುತ್ಲೂರನ್ನು. ಹೆದರಿ ದೂರವಿದ್ದವರು ಈಗ ಜಲಪಾತ ನೋಡಲು ಬರುತ್ತಾರೆ.

ಆದರೆ ನಕ್ಸಲ್ ನಿಗ್ರಹ ಪಡೆಗೆ ಬಿಡುವು ಸಿಗಲಿಲ್ಲ. ಇರಾಕೋಡಿಯ ಕೊಲೆಯ ಬೆನ್ನಿಗೆ ಮಂಗಳೂರಿನ ಪೊಲೀಸ್ ಕಮಿಷನರ್ ಮತ್ತು ಜಿಲ್ಲಾ ಎಸ್‌ಪಿ ಇಬ್ಬರೂ ಬದಲಾದರು. 2025ರ ಜೂನ್ 13ರಂದು ಗೃಹ ಸಚಿವ ಜಿ. ಪರಮೇಶ್ವರ ಅವರು ಮಂಗಳೂರಿನಲ್ಲಿ ವಿಶೇಷ ಕಾರ್ಯಪಡೆಗೆ ಚಾಲನೆ ಕೊಟ್ಟರು. ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಜಿಲ್ಲೆಗಳಿಗಾಗಿ ಕಟ್ಟಿದ ಈ ಪಡೆಯ 248 ಸಿಬ್ಬಂದಿಯನ್ನು ತೆಗೆದದ್ದು ನಕ್ಸಲ್ ನಿಗ್ರಹ ಪಡೆಯಿಂದಲೇ. ಕಾಡಿನಲ್ಲಿ ಬಂದೂಕಿಗೆ ಎದುರಾಗಿದ್ದವರು ಈಗ ಪೇಟೆಯಲ್ಲಿ ಅಕ್ಕಪಕ್ಕದ ಮನೆಯವರ ನಡುವೆ ನಿಂತಿದ್ದಾರೆ.

ಎರಡು ಹಿಂಸೆಗಳ ನಡುವೆ ವ್ಯತ್ಯಾಸವಿದೆ. ಕುತ್ಲೂರಿನ ಜನರಿಗೆ ಬೇಕಿದ್ದುದು ರಸ್ತೆ, ವಿದ್ಯುತ್ತು, ಭೂಮಿಯ ಹಕ್ಕು. ಅದರಲ್ಲಿ ಕೊಂಚವಾದರೂ ಸರ್ಕಾರದ ಕೈಯಲ್ಲಿತ್ತು. ಬಂಟ್ವಾಳದಲ್ಲಿ ಕಳೆದುಹೋದದ್ದು ನೆರೆಯವನ ಮೇಲಿನ ಭರವಸೆ. ಅದನ್ನು ಮಂಜೂರು ಮಾಡುವ ಇಲಾಖೆ ಇಲ್ಲ. ಆದರೂ ಕುತ್ಲೂರು ಹೇಳುವುದೊಂದಿದೆ: ಊರಿಗೆ ಬಿದ್ದ ಹಣೆಪಟ್ಟಿ ಶಾಶ್ವತವಲ್ಲ, ಅದು ಕಳಚುವುದು ಜನ ಮತ್ತೆ ಒಂದು ಕಸುಬಿಗಾಗಿ ಅಲ್ಲಿಗೆ ಹೋಗಿ ಬರತೊಡಗಿದಾಗ.

ಹಣ್ಣಿನ ಅಂಗಡಿಯವರು ಮಾಡಿದ್ದು

2017ರ ಜುಲೈ 4ರ ಆ ರಾತ್ರಿ ಲಾಂಡ್ರಿಯೊಳಗೆ ರಕ್ತದಲ್ಲಿ ಬಿದ್ದಿದ್ದ ಯುವಕನನ್ನು ಎತ್ತಿ ಆಟೊದಲ್ಲಿ ಆಸ್ಪತ್ರೆಗೆ ಸಾಗಿಸಿದವರು ಹತ್ತಿರದ ಹಣ್ಣಿನ ವ್ಯಾಪಾರಿ, ಒಬ್ಬ ಮುಸ್ಲಿಂ. ಪತ್ರಿಕೆಗಳು ಇದನ್ನು ಸೌಹಾರ್ದದ ಸಂಕೇತವೆಂದು ಬರೆದವು. ಸಂಕೇತವಾಗುವ ಯೋಚನೆ ಅವರಿಗಿದ್ದಿರಲಾರದು. ಅಂಗಡಿ ಪಕ್ಕ ಅಂಗಡಿ ಇಟ್ಟವರಿಗೆ ಬೇರೆ ದಾರಿ ಹೊಳೆಯುವುದಿಲ್ಲ, ಅಷ್ಟೇ. ಹೊತ್ತು ಹೊತ್ತಿಗೆ ಚಿಲ್ಲರೆ ಕೇಳಿ, ಅಂಗಡಿ ನೋಡಿಕೊಳ್ಳಿ ಎಂದು ಹೇಳಿ ಊಟಕ್ಕೆ ಹೋಗಿ, ಮಳೆ ಬಂದಾಗ ಟಾರ್ಪಾಲು ಎಳೆಯಲು ಕೈಕೊಟ್ಟ ವರ್ಷಗಳು ಆ ಒಂದು ಕ್ಷಣದಲ್ಲಿ ಕೆಲಸ ಮಾಡಿದವು.

ಬಂಟ್ವಾಳ ತಾಲ್ಲೂಕಿನಲ್ಲೇ ಅಜಿಲಮೊಗರು ಮಸೀದಿಗೂ ಎದುರು ದಡದ ಕಡೇಶಿವಾಲಯಕ್ಕೂ ನಡುವೆ ನೇತ್ರಾವತಿಗೆ ಸೇತುವೆ ಕಟ್ಟುವ ಯೋಜನೆಗೆ ಸೌಹಾರ್ದ ಸೇತುವೆ ಎಂಬ ಹೆಸರು ಬಂತು. ಹೆಸರು ಚೆನ್ನಾಗಿದೆ. ಆದರೆ ಅಂಥ ಸೇತುವೆ ಸೌಹಾರ್ದ ತರುವುದಿದ್ದರೆ ಅದು ಹೆಸರಿನ ಫಲಕದಿಂದಲ್ಲ. ಆಚೆ ದಡದ ಮಕ್ಕಳು ಈಚೆ ಶಾಲೆಗೆ ಬಂದಾಗ, ಅಡಿಕೆ ಗೋಣಿ ಹತ್ತಾರು ಕಿಲೋಮೀಟರ್ ಸುತ್ತದೆ ದಾಟಿದಾಗ.

ಮಾಡಬಹುದಾದದ್ದು

2011ರ ಜನಗಣತಿಯಂತೆ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88ಕ್ಕಿಂತ ಹೆಚ್ಚು. ಬುದ್ಧಿವಂತರ ಜಿಲ್ಲೆ ಎಂದು ನಾವು ನಮ್ಮನ್ನೇ ಕರೆದುಕೊಳ್ಳುತ್ತೇವೆ. ಅದೇ ಜಿಲ್ಲೆಗೆ 2023ರಲ್ಲಿ ಕೋಮುವಾದ ನಿಗ್ರಹ ದಳದ ಘೋಷಣೆ, 2025ರಲ್ಲಿ ವಿಶೇಷ ಕಾರ್ಯಪಡೆ ಬೇಕಾಯಿತು. ಓದು ದ್ವೇಷವನ್ನು ತಡೆಯುತ್ತದೆ ಎಂಬ ಭ್ರಮೆ ಸಾಕು.

ಪೊಲೀಸರು ಮಾಡಬೇಕಾದದ್ದು ಪೊಲೀಸರೇ ಮಾಡಬೇಕು. ಪ್ರಕರಣಗಳು ಬೇಗ ಇತ್ಯರ್ಥವಾಗಬೇಕು, ಏಕೆಂದರೆ ವರ್ಷಗಟ್ಟಲೆ ಎಳೆಯುವ ಪ್ರತಿ ಪ್ರಕರಣದಲ್ಲಿ ಜಾಮೀನಿನ ಮೇಲಿರುವ ಆರೋಪಿಯೇ ಮುಂದಿನ ಗುರಿಯಾಗಬಹುದು. ಸಾಕ್ಷಿಗಳಿಗೆ ರಕ್ಷಣೆ ಬೇಕು. ಸತ್ತವರ ಮನೆಗೆ ಪರಿಹಾರ ಯಾವ ಧರ್ಮ, ಯಾವ ಸರ್ಕಾರ ಎಂದು ನೋಡದೆ ಒಂದೇ ನಿಯಮದಲ್ಲಿ ಸಿಗಬೇಕು. ಪ್ರಚೋದನೆಯ ಭಾಷಣ ಮಾಡಿದವರನ್ನು ಬಿಟ್ಟು ತಲವಾರು ಹಿಡಿದವನನ್ನು ಮಾತ್ರ ಹಿಡಿದರೆ ಸಾಲದು.

ಊರಿನವರ ಪಾಲಿನದನ್ನು ಊರಿನವರೇ ಮಾಡಬೇಕು, ಅದಕ್ಕೆ ವೇದಿಕೆ ಬೇಡ. ಮೂರು ಧರ್ಮದ ಗುರುಗಳು ಕೈ ಹಿಡಿದು ನಿಲ್ಲುವ ಫೋಟೋಗಿಂತ, ಗಲಾಟೆಯ ವಾರದಲ್ಲಿ ಅಡಿಕೆ ಕೊಯ್ಲಿಗೆ ಯಾವಾಗಿನ ತಂಡವನ್ನೇ ಕರೆಯುವ ಯಜಮಾನ ದೊಡ್ಡ ಕೆಲಸ ಮಾಡುತ್ತಾನೆ. ಆ ಸಂಜೆಯೂ ಯಾವಾಗಿನ ರಿಕ್ಷಾದಲ್ಲೇ ಮಗಳನ್ನು ಶಾಲೆಯಿಂದ ಕರೆಸಿಕೊಳ್ಳುವ ಅಮ್ಮ, ವಾಟ್ಸಾಪ್‌ನಲ್ಲಿ ಬಂದ ಸುದ್ದಿಯನ್ನು ಮುಂದಕ್ಕೆ ಕಳಿಸುವ ಮೊದಲು ಪಕ್ಕದ ಮನೆಗೆ ಫೋನು ಮಾಡಿ ಕೇಳುವ ಹುಡುಗ, ಅಂಥದ್ದೇ ಕೆಲಸ ಮಾಡುತ್ತಾರೆ. ಕೊಲೆಗಾರರು ಗುರಿಯಿಟ್ಟದ್ದು ಈ ಕೊಡುಕೊಳೆಗೆ. ಅದು ನಿಂತರೆ ಅವರು ಗೆದ್ದರು, ಪೇಟೆ ಎಷ್ಟೇ ಶಾಂತವಾಗಿ ಕಾಣಲಿ. ಜಿಲ್ಲೆ ಸಹಜ ಸ್ಥಿತಿಗೆ ಮರಳಿದೆ ಎಂದು ಜಿಲ್ಲಾಡಳಿತ ಪ್ರಕಟಿಸಬಹುದು, ನಿಷೇಧಾಜ್ಞೆ ತೆಗೆಯಬಹುದು. ಮರಳಿದೆಯೇ ಇಲ್ಲವೇ ಎಂದು ತೀರ್ಮಾನಿಸುವವರು ಮಾತ್ರ, ಲೋಡು ಇದೆ ಬನ್ನಿ ಎಂದು ಕರೆದಾಗ ಯಾರಿಗೂ ತಿಳಿಸದೆ, ಯಾರನ್ನೂ ಜೊತೆಗೆ ಕರೆಯದೆ ಗಾಡಿ ಹೊರಡಿಸುವ ಚಾಲಕರು.